ಹೇಳಿಕೆಯನ್ನು ಕಾಯುವ ಕೆಲಸ

ಅಂತರರಾಷ್ಟ್ರೀಯ ಮಾನವ ಹಕ್ಕು ತನಿಖೆಗಳಲ್ಲಿ ಕಾನೂನು ಅಧಿಕಾರಿಯಾಗಿ ದುಡಿಯುವವರು ಯಾವ ನ್ಯಾಯಾಲಯದಲ್ಲೂ ಎದ್ದು ನಿಂತು ವಾದ ಮಾಡುವುದಿಲ್ಲ. ಕಲಬುರಗಿಯ ಕೋರ್ಟಿನ ಆವರಣದಲ್ಲಿ ಹಳೆಯ ಸಂಗಾತಿಗಳಿಗೆ ಈ ಮಾತು ಹೇಳಿದಾಗ ಅವರಿಗೆ ಅರ್ಧ ಆಶ್ಚರ್ಯ, ಅರ್ಧ ನಿರಾಸೆ. ಕರಿಕೋಟಿಲ್ಲ, ಎದುರು ಪಕ್ಷದ ವಕೀಲರಿಲ್ಲ, ಮುಂದಿನ ತಾರೀಖಿಲ್ಲ, ತೀರ್ಪು ಕೊಡುವವರೂ ಎದುರಿಗಿಲ್ಲ. "ಹಂಗಾರ ಅಲ್ಲಿ ಕುಂತು ಮಾಡೋದೇನ್ರಿ ಮೇಡಂ?" ಎಂದು ಕಿರಿಯ ವಕೀಲನೊಬ್ಬ ಈಚೆಗೆ ಕೇಳಿದ. ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ನಾನು ಯಾವ ದೇಶದ ಯಾವ ತನಿಖೆಯಲ್ಲಿದ್ದೆ ಎಂಬುದನ್ನು ಬರೆಯುವುದಿಲ್ಲ. ಕೆಲಸ ಬಿಟ್ಟ ಮೇಲೂ ಗೋಪ್ಯತೆಯ ಹೊಣೆ ಮುಗಿಯುವುದಿಲ್ಲ. ಸಾಕ್ಷಿಗಳ ಕುರಿತು ಹೇಳುವಾಗಲೂ ಗುರುತು ಹತ್ತದಂತೆ ವಿವರಗಳನ್ನು ಬದಲಿಸಿದ್ದೇನೆ. ಹೆಸರಿಸಿರುವ ತನಿಖೆಗಳ ಬಗ್ಗೆ ಬರೆದದ್ದೆಲ್ಲವೂ ಈಗಾಗಲೇ ಬಹಿರಂಗವಾಗಿರುವ ಸಂಗತಿಯೇ.

ಇಂಥ ತನಿಖೆಗಳಲ್ಲಿ ಸ್ಥೂಲವಾಗಿ ಎರಡು ಬಗೆ. ಒಂದು, ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ ನೇಮಿಸುವ ವಿಚಾರಣಾ ಆಯೋಗ ಅಥವಾ ಸತ್ಯಶೋಧನಾ ತಂಡ. 2011ರಲ್ಲಿ ಸಿರಿಯಾಕ್ಕಾಗಿ ರಚಿಸಿದ ಆಯೋಗವೂ 2017ರಲ್ಲಿ ಮ್ಯಾನ್ಮಾರ್‌ಗಾಗಿ ರಚಿಸಿದ ತಂಡವೂ ಈ ಬಗೆಯವು. ಇವು ವರದಿ ಬರೆದು ಜಗತ್ತಿನ ಮುಂದಿಡುತ್ತವೆ. ಎರಡನೆಯ ಬಗೆ ಹೊಸದು. ಸಿರಿಯಾದ ಪರಿಸ್ಥಿತಿಯನ್ನು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಒಪ್ಪಿಸಬೇಕೆಂಬ ಕರಡು ನಿರ್ಣಯವನ್ನು 2014ರ ಮೇ ತಿಂಗಳಲ್ಲಿ ರಷ್ಯಾ ಮತ್ತು ಚೀನಾ ಭದ್ರತಾ ಮಂಡಳಿಯಲ್ಲಿ ವೀಟೋ ಚಲಾಯಿಸಿ ತಡೆದವು. ಆ ಬಾಗಿಲು ಮುಚ್ಚಿದ ಮೇಲೆ, 2016ರ ಡಿಸೆಂಬರ್‌ನಲ್ಲಿ, ವಿಶ್ವಸಂಸ್ಥೆಯ ಸಾಮಾನ್ಯ ಸಭೆಯೇ ಸಾಕ್ಷ್ಯವನ್ನು ಸಂಗ್ರಹಿಸಿ, ಕಾಪಿಟ್ಟು, ಮುಂದೊಂದು ದಿನ ವಿಚಾರಣೆ ನಡೆಸಲು ಮುಂದಾಗುವ ನ್ಯಾಯಾಲಯಕ್ಕೆ ಕಡತ ಸಿದ್ಧಪಡಿಸಿಕೊಡುವ ಪ್ರತ್ಯೇಕ ವ್ಯವಸ್ಥೆಯೊಂದನ್ನು ಜಿನೀವಾದಲ್ಲಿ ಸ್ಥಾಪಿಸಿತು. 2018ರಲ್ಲಿ ಮ್ಯಾನ್ಮಾರ್‌ಗೂ ಅಂಥದೇ ವ್ಯವಸ್ಥೆ ಬಂತು. ಅಲ್ಲಿ ಪ್ರಾಸಿಕ್ಯೂಟರ್ ಇಲ್ಲ, ನ್ಯಾಯಾಧೀಶರಿಲ್ಲ, ಬಂಧಿಸುವ ಅಧಿಕಾರವೂ ಇಲ್ಲ. ಯಾವ ನ್ಯಾಯಾಲಯ, ಯಾವ ದೇಶದ್ದು, ಎಷ್ಟು ವರ್ಷದ ನಂತರ ಎಂಬುದು ಗೊತ್ತಿಲ್ಲದೆಯೇ ಇಂದಿನ ಹೇಳಿಕೆಯನ್ನು ಅಂದಿನ ಪಾಟೀಸವಾಲಿಗೆ ತಡೆಯುವಂತೆ ಬರೆದಿಡುವುದು ಅಲ್ಲಿಯ ಕೆಲಸ.

ತಂಡದಲ್ಲಿ ತನಿಖಾಧಿಕಾರಿಗಳು, ವಿಶ್ಲೇಷಕರು, ದುಭಾಷಿಗಳು, ಸೇನಾ ವ್ಯವಹಾರ ಬಲ್ಲವರು, ಉಪಗ್ರಹ ಚಿತ್ರ ಓದುವವರು, ಸಾಕ್ಷಿಗಳ ಮನಸ್ಥಿತಿಯನ್ನು ನೋಡಿಕೊಳ್ಳುವವರು ಇರುತ್ತಾರೆ. ಅವರ ನಡುವೆ ಕಾನೂನು ಅಧಿಕಾರಿಯದು ಪದೇ ಪದೇ ಒಂದೇ ಪ್ರಶ್ನೆ ಕೇಳುವ ಪಾತ್ರ: ಇದರಿಂದ ಏನು ಸಾಬೀತಾಗುತ್ತದೆ, ಏನು ಸಾಬೀತಾಗುವುದಿಲ್ಲ? ನಮ್ಮ ಸೆಷನ್ಸ್ ಕೋರ್ಟಿನಲ್ಲಿ ಕೊಲೆಯನ್ನು ಸಾಬೀತುಪಡಿಸಲು ಯಾರು, ಯಾರನ್ನು, ಯಾವ ಉದ್ದೇಶದಿಂದ ಕೊಂದರು ಎಂಬುದನ್ನು ತೋರಿಸಿದರೆ ಸಾಕು. ಅದೇ ಕೊಲೆಯನ್ನು ಮಾನವತೆಯ ವಿರುದ್ಧದ ಅಪರಾಧವೆಂದು ಕರೆಯಬೇಕಾದರೆ ಇನ್ನೂ ಬಹಳಷ್ಟು ಬೇಕು. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವನ್ನು ಹುಟ್ಟುಹಾಕಿದ ಒಪ್ಪಂದವಾದ, 1998ರಲ್ಲಿ ಅಂಗೀಕಾರವಾದ ರೋಮ್ ಶಾಸನದ 7ನೇ ವಿಧಿಯ ಪ್ರಕಾರ, ನಾಗರಿಕ ಜನಸಮುದಾಯವೊಂದರ ಮೇಲೆ ವ್ಯಾಪಕವಾದ ಅಥವಾ ವ್ಯವಸ್ಥಿತವಾದ ದಾಳಿ ನಡೆದಿರಬೇಕು, ಆ ದಾಳಿಯ ಹಿಂದೆ ಪ್ರಭುತ್ವದ ಅಥವಾ ಸಂಘಟನೆಯ ಧೋರಣೆ ಇರಬೇಕು, ಈ ಕೊಲೆ ಆ ದಾಳಿಯ ಭಾಗವಾಗಿರಬೇಕು, ಮಾಡಿದವನಿಗೆ ಆ ದಾಳಿಯ ಅರಿವೂ ಇರಬೇಕು. ಇವುಗಳಲ್ಲಿ ಪ್ರತಿಯೊಂದಕ್ಕೂ ಬೇರೆ ಬೇರೆ ಸಾಕ್ಷ್ಯ ಬೇಕು. ನಾನು ದಿನವೂ ತೆರೆಯುತ್ತಿದ್ದ ಕಡತವೆಂದರೆ ಈ ಅಂಶಗಳನ್ನೆಲ್ಲ ಒಂದು ಬದಿಗೆ ಬರೆದು, ಎದುರಿನಲ್ಲಿ ಯಾವ ಹೇಳಿಕೆಯ ಯಾವ ಕಂಡಿಕೆ, ಯಾವ ದಾಖಲೆಯ ಯಾವ ಪುಟ ಅದಕ್ಕೆ ಆಧಾರ ಎಂದು ತುಂಬುವ ಉದ್ದನೆಯ ಪಟ್ಟಿ. ಆಧಾರವಿಲ್ಲದ ಕಡೆ ಜಾಗ ಖಾಲಿಯೇ ಉಳಿಯುತ್ತದೆ. ಆ ಖಾಲಿ ಜಾಗಗಳನ್ನು ಮುಚ್ಚಿಡದೆ ತಂಡದ ಮುಂದೆ ತೋರಿಸುವುದನ್ನೇ ನಾನು ಈ ಹುದ್ದೆಯ ಮುಖ್ಯ ಕರ್ತವ್ಯವೆಂದು ತಿಳಿದಿದ್ದೇನೆ.

ಹೆಚ್ಚಾಗಿ ಖಾಲಿ ಉಳಿಯುವುದು ಮೇಲಿನವರಿಗೆ ಕೊಂಡಿ ಹಾಕುವ ಭಾಗ. ಊರು ಸುಟ್ಟದ್ದನ್ನು ಊರಿನವರು ನೋಡಿರುತ್ತಾರೆ, ಸುಟ್ಟವರ ಸಮವಸ್ತ್ರವನ್ನೂ ನೋಡಿರುತ್ತಾರೆ. ಆದರೆ ನೂರಾರು ಕಿಲೋಮೀಟರ್ ದೂರದ ಕಚೇರಿಯಲ್ಲಿ ಕುಳಿತ ಅಧಿಕಾರಿ ಅಪ್ಪಣೆ ಕೊಟ್ಟದ್ದನ್ನು ಅವರು ನೋಡಿರುವುದಿಲ್ಲ. ಅದಕ್ಕಾಗಿ ಯಾವ ತುಕಡಿ ಯಾವಾಗ ಎಲ್ಲಿಗೆ ವರ್ಗವಾಯಿತು, ಲಾರಿಗಳಿಗೆ ಡೀಸೆಲ್ ಯಾರು ಮಂಜೂರು ಮಾಡಿದರು, ಘಟನೆಯ ನಂತರ ಆ ತುಕಡಿಯ ಮುಖ್ಯಸ್ಥನಿಗೆ ಶಿಕ್ಷೆಯಾಯಿತೋ ಬಡ್ತಿಯಾಯಿತೋ ಎಂಬಂಥ ಒಣ ಕಾಗದಗಳು ಬೇಕಾಗುತ್ತವೆ. ರೋಮ್ ಶಾಸನದ 28ನೇ ವಿಧಿಯು ಸೇನಾ ನಾಯಕನೊಬ್ಬ ತನ್ನ ಕೈಕೆಳಗಿನವರು ಅಪರಾಧ ಮಾಡುತ್ತಿರುವುದನ್ನು ತಿಳಿದೂ, ಅಥವಾ ತಿಳಿದುಕೊಳ್ಳಲೇಬೇಕಾಗಿದ್ದರೂ, ತಡೆಯಲಿಲ್ಲ ಅಥವಾ ಶಿಕ್ಷಿಸಲಿಲ್ಲ ಎಂಬ ಕಾರಣಕ್ಕೆ ಅವನನ್ನು ಹೊಣೆಗಾರನನ್ನಾಗಿಸುತ್ತದೆ. ಹೀಗಾಗಿ ಡೀಸೆಲ್ ಚೀಟಿಯೊಂದು ಕೆಲವೊಮ್ಮೆ ಕಣ್ಣಾರೆ ಕಂಡ ಹತ್ತು ಜನರ ಮಾತಿಗಿಂತ ಹೆಚ್ಚು ದೂರ ಕೊಂಡೊಯ್ಯುತ್ತದೆ. ಸಂತ್ರಸ್ತರಿಗೆ ಇದನ್ನು ವಿವರಿಸುವುದು ಕಷ್ಟ. ತಾವು ಕಂಡದ್ದೇ ಸಾಕಲ್ಲವೇ ಎಂದು ಅವರು ಕೇಳಿದರೆ ಅದರಲ್ಲಿ ತಪ್ಪೇನಿಲ್ಲ.

ಹೇಳಿಕೆ ಪಡೆಯುವ ರೀತಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕು, ಏಕೆಂದರೆ ನಮ್ಮಲ್ಲಿಯ ರೂಢಿಗೂ ಅದಕ್ಕೂ ಇರುವ ಅಂತರ ದೊಡ್ಡದು. ಜೇವರ್ಗಿ, ಆಳಂದ, ಚಿಂಚೋಳಿ ಕಡೆಯ ಮೊಕದ್ದಮೆಗಳಲ್ಲಿ ಪೊಲೀಸರ ಮುಂದೆ ಕೊಟ್ಟ ಹೇಳಿಕೆಗಳನ್ನು ಓದಿದವರಿಗೆ ಗೊತ್ತು: ಆರು ಸಾಕ್ಷಿಗಳಿದ್ದರೆ ಆರೂ ಹೇಳಿಕೆಗಳಲ್ಲಿ ಅದೇ ವಾಕ್ಯ, ಅದೇ ಕ್ರಮ, ಕೆಲವೊಮ್ಮೆ ಅದೇ ಕಾಗುಣಿತದ ತಪ್ಪು. ಸಾಕ್ಷಿ ಕಟಕಟೆಗೆ ಬಂದಾಗ ತನ್ನ ಮಾತಿನಲ್ಲಿ ಹೇಳುತ್ತಾಳೆ, ಬರೆದದ್ದಕ್ಕೂ ಹೇಳಿದ್ದಕ್ಕೂ ಹೊಂದುವುದಿಲ್ಲ, ಮೊಕದ್ದಮೆ ಬಿದ್ದುಹೋಗುತ್ತದೆ. ನಾನು ಕಲಿತ ಪದ್ಧತಿಯಲ್ಲಿ ಮೊದಲ ಪ್ರಶ್ನೆ ಒಂದೇ: ಆ ದಿನ ಏನಾಯಿತು, ನಿಮಗೆ ಹೇಗೆ ತೋಚುತ್ತದೋ ಹಾಗೆ, ಎಲ್ಲಿಂದ ಬೇಕೋ ಅಲ್ಲಿಂದ ಹೇಳಿ. ಅದಾದ ಮೇಲೆ ತಡೆಯದೆ ಕೇಳುವುದು. ಉತ್ತರವನ್ನು ಒಳಗೇ ಹೊತ್ತ ಪ್ರಶ್ನೆ ಕೇಳಬಾರದು. 'ಸೈನಿಕರು ಗುಂಡು ಹಾರಿಸಿದರೇ?' ಎನ್ನದೆ 'ಆಮೇಲೆ?' ಎನ್ನಬೇಕು. ಪ್ರತಿ ಮಾತಿಗೂ ಅದು ಕಂಡದ್ದೋ, ಕೇಳಿದ್ದೋ, ಊಹಿಸಿದ್ದೋ ಎಂದು ಬೇರ್ಪಡಿಸಿ ಬರೆಯಬೇಕು. ಕೇಳಿದ್ದಾದರೆ ಯಾರಿಂದ, ಅವರು ಈಗ ಎಲ್ಲಿದ್ದಾರೆ ಎಂದು ಕೂಡ.

ಹಳ್ಳಿಯ ಹೆಣ್ಣುಮಗಳೊಬ್ಬಳು ತನ್ನೂರಿಗೆ ದಾಳಿಕೋರರು ನುಗ್ಗಿದ ಹೊತ್ತನ್ನು ಹೇಳುವಾಗ ಗಡಿಯಾರದ ಮಾತೇ ಎತ್ತಲಿಲ್ಲ. ಮೇಕೆಗಳನ್ನು ಕಟ್ಟಿ ಮುಗಿಸಿದ್ದೆ, ದೀಪ ಇನ್ನೂ ಹಚ್ಚಿರಲಿಲ್ಲ, ಎದುರಿನ ಗುಡ್ಡದ ಮೇಲೆ ಮಾತ್ರ ಬಿಸಿಲಿತ್ತು ಎಂದಳು. ಜೊತೆಗಿದ್ದ ಸಹೋದ್ಯೋಗಿಗೆ ಆ ಉತ್ತರ ಅಸ್ಪಷ್ಟವೆನಿಸಿ, ಸುಮಾರು ಎಷ್ಟು ಗಂಟೆ ಎಂದು ಮತ್ತೆ ಕೇಳಿಸಲು ಹೊರಟರು. ನಾನು ಬೇಡವೆಂದೆ. ನಮ್ಮ ಕಡೆಯ ಸಾಕ್ಷಿಗಳು "ದನಾ ಮನೀಗಿ ಬರೋ ಹೊತ್ತಿನ್ಯಾಗ" ಎಂದು ಹೇಳಿದ್ದನ್ನು ಯಾರೋ "ಸಂಜೆ 5-30ಕ್ಕೆ" ಎಂದು ಬರೆದು, ಆಮೇಲೆ ಪಾಟೀಸವಾಲಿನಲ್ಲಿ "ನಿನ್ನ ಬಳಿ ಕೈಗಡಿಯಾರ ಇತ್ತೇನು?" ಎಂಬ ಒಂದೇ ಪ್ರಶ್ನೆಗೆ ಅವರು ತಬ್ಬಿಬ್ಬಾದದ್ದನ್ನು ನಾನು ಎಷ್ಟೋ ಸಲ ನೋಡಿದ್ದೆ. ಆಕೆಯ ಮಾತನ್ನು ಆಕೆ ಹೇಳಿದಂತೆಯೇ ಬರೆದುಕೊಂಡೆವು. ಆಮೇಲೆ ಆ ಅಕ್ಷಾಂಶದಲ್ಲಿ ಆ ದಿನ ಸೂರ್ಯಾಸ್ತ ಎಷ್ಟಕ್ಕೆ, ಗುಡ್ಡ ಊರಿನ ಯಾವ ದಿಕ್ಕಿಗಿದೆ, ಊರಿಗೆ ನೆರಳು ಬಿದ್ದ ಎಷ್ಟು ಹೊತ್ತಿನ ನಂತರ ಗುಡ್ಡದ ನೆತ್ತಿಯಿಂದ ಬಿಸಿಲು ಜಾರುತ್ತದೆ ಎಂದು ವಿಶ್ಲೇಷಕರು ಲೆಕ್ಕ ಹಾಕಿದರು. ಬೇರೆ ಊರಿಂದ ತೆಗೆದ ಹೊಗೆಯ ವಿಡಿಯೊದಲ್ಲಿದ್ದ ನೆರಳಿನ ಉದ್ದದಿಂದ ತಿಳಿದ ಹೊತ್ತಿಗೂ ಈ ಹೊತ್ತಿಗೂ ತಾಳೆಯಾಯಿತು. ಗಂಟೆಯನ್ನು ಆಕೆಯ ಬಾಯಿಂದ ಬಲವಂತವಾಗಿ ಹೇಳಿಸಿದ್ದರೆ ಈ ತಾಳೆಗೆ ಯಾವ ಬೆಲೆಯೂ ಇರುತ್ತಿರಲಿಲ್ಲ.

ಅದೇ ಸಾಕ್ಷಿಯ ಕೈಗೆ ಕಾಗದ ಕೊಟ್ಟು ಊರಿನ ನಕಾಶೆ ಬರೆಯಲು ಕೇಳಿದೆವು. ತನ್ನ ಮನೆ, ಬಾವಿ, ಬಾವಿಯ ಬಳಿಯ ಮರ, ತಾನು ಅಡಗಿದ್ದ ಗೋಡೆ, ಅವರು ಬಂದ ದಾರಿ. ಅಳತೆ ಸರಿಯಿರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಗೋಡೆಯ ಹಿಂದಿನಿಂದ ಬಾವಿ ಕಾಣುತ್ತಿತ್ತೋ ಇಲ್ಲವೋ ಎಂಬುದಷ್ಟೇ ಮುಖ್ಯ. ಅದನ್ನು ಹಳೆಯ ಉಪಗ್ರಹ ಚಿತ್ರದಲ್ಲಿ ಪರಿಶೀಲಿಸಬಹುದು. ಕಾಗದದ ಕೆಳಗೆ ಆಕೆಯ ಹೆಬ್ಬೆಟ್ಟು, ದಿನಾಂಕ, ಅಲ್ಲಿದ್ದವರ ಸಹಿ. ನಮ್ಮ ಪಂಚನಾಮೆಯ ನಕಾಶೆಯನ್ನು ಪೊಲೀಸರು ಬರೆಯುತ್ತಾರೆ. ಅದನ್ನು ಸಾಕ್ಷಿಯಿಂದಲೇ ಬರೆಸಿದರೆ ಎಷ್ಟು ಮೊಕದ್ದಮೆಗಳು ಉಳಿದಾವು ಎಂದು ಆಗಾಗ ಯೋಚಿಸುತ್ತೇನೆ.

ಹೇಳಿಕೆಗಿಂತ ಮೊದಲು ಬರುವುದು ಒಪ್ಪಿಗೆ. ಒಂದು ಸಹಿ ಹಾಕಿಸಿಕೊಂಡರೆ ಮುಗಿಯುವ ಶಾಸ್ತ್ರ ಅದಲ್ಲ. ನೀವು ಹೇಳಿದ್ದನ್ನು ನಾವು ಇಟ್ಟುಕೊಳ್ಳಬಹುದೇ? ವರದಿಯಲ್ಲಿ ಹೆಸರಿಲ್ಲದೆ ಬಳಸಬಹುದೇ? ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಕೊಡಬಹುದೇ? ಯಾವುದಾದರೂ ದೇಶದ ತನಿಖಾಧಿಕಾರಿಗಳಿಗೆ ಕೊಡಬಹುದೇ? ಕೊಟ್ಟರೆ ಹೆಸರಿನೊಂದಿಗೋ, ಹೆಸರಿಲ್ಲದೆಯೋ? ಒಂದಕ್ಕೆ ಹೂಂ ಎಂದು ಇನ್ನೊಂದಕ್ಕೆ ಬೇಡವೆನ್ನುವ ಹಕ್ಕು ಅವರಿಗಿದೆ, ನಾಳೆ ಮನಸ್ಸು ಬದಲಿಸುವ ಹಕ್ಕೂ ಇದೆ. ಆದರೆ ನ್ಯಾಯಾಲಯದ ಕೈ ಸೇರಿದ ಮೇಲೆ ಹಿಂದಕ್ಕೆ ಪಡೆಯುವುದು ನಮ್ಮ ಕೈಲಿರುವುದಿಲ್ಲ ಎಂಬುದನ್ನೂ ಆಗಲೇ ತಿಳಿಸಬೇಕು. ಕೊಡಲಾಗದ ರಕ್ಷಣೆಯನ್ನು ಕೊಡುತ್ತೇವೆ ಎನ್ನಬಾರದು. ನಿಮಗೆ ನ್ಯಾಯ ಸಿಗುತ್ತದೆ ಎಂದಂತೂ ಎಂದೂ ಹೇಳಬಾರದು. ಸಿರಿಯಾಕ್ಕಾಗಿ ರಚಿಸಿದ ವ್ಯವಸ್ಥೆಯು ನ್ಯಾಯಯುತ ವಿಚಾರಣೆಯ ಖಾತ್ರಿ ಇಲ್ಲದ ಅಥವಾ ಮರಣದಂಡನೆಯ ಸಾಧ್ಯತೆ ಇರುವ ವಿಚಾರಣೆಗಳಿಗೆ ಸಾಕ್ಷ್ಯ ಹಂಚಿಕೊಳ್ಳುವುದಿಲ್ಲ. ನಮ್ಮ ದೇಶದ ಕಾನೂನಿನಲ್ಲಿ ಮರಣದಂಡನೆ ಇರುವುದರಿಂದ ಇಲ್ಲಿಯ ವಕೀಲರಿಗೆ ಈ ನಿಯಮ ವಿಚಿತ್ರವೆನಿಸುತ್ತದೆ. ನನಗೆ ಅದು ಸರಿಯೆನಿಸುತ್ತದೆ.

ಕೆಲವೊಮ್ಮೆ ಕಾನೂನು ಅಧಿಕಾರಿ ಕೊಡಬೇಕಾದ ಸಲಹೆಯೆಂದರೆ ಹೇಳಿಕೆಯನ್ನು ಪಡೆಯಲೇಬೇಡಿ ಎಂಬುದು. ದೊಡ್ಡ ನಿರಾಶ್ರಿತರ ಶಿಬಿರಗಳಿಗೆ ಪತ್ರಕರ್ತರು, ಸ್ವಯಂಸೇವಾ ಸಂಸ್ಥೆಗಳು, ಸಂಶೋಧಕರು, ವಿವಿಧ ದೇಶಗಳ ನಿಯೋಗಗಳು ಒಬ್ಬರ ಹಿಂದೊಬ್ಬರು ಬಂದು, ಅದೇ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು, ಅದೇ ಅತ್ಯಾಚಾರದ ಕಥೆಯನ್ನು ಮತ್ತೆ ಮತ್ತೆ ಹೇಳಿಸುತ್ತಾರೆ. ಪ್ರತಿಯೊಬ್ಬರೂ ತಮ್ಮದೇ ರೀತಿಯಲ್ಲಿ ಬರೆದುಕೊಳ್ಳುತ್ತಾರೆ. ಮುಂದೆ ವಿಚಾರಣೆ ನಡೆದರೆ ಆ ಬರಹಗಳ ನಡುವಿನ ಒಂದೊಂದು ವ್ಯತ್ಯಾಸವೂ ಪ್ರತಿವಾದಿ ವಕೀಲರ ಕೈಯಲ್ಲಿ ಆಯುಧ. ಅದಕ್ಕಿಂತ ಕೆಟ್ಟದ್ದೆಂದರೆ, ಹೇಳಿದಷ್ಟು ಸಲವೂ ಆ ಹೆಣ್ಣುಮಗಳು ಮತ್ತೆ ಆ ದಿನಕ್ಕೆ ಹೋಗಿ ಬರಬೇಕು. ಲೈಂಗಿಕ ಹಿಂಸೆಗೊಳಗಾದವರಿಂದ ಮಾಹಿತಿ ಪಡೆಯುವವರಿಗಾಗಿ 2022ರಲ್ಲಿ ಹೊರಬಂದ ಮುರಾದ್ ಸಂಹಿತೆ ಇದನ್ನೇ ಹೇಳುತ್ತದೆ: ಕೇಳುವ ಮೊದಲು ಕೇಳಬೇಕಾದ ಅಗತ್ಯ ಇದೆಯೇ ಎಂದು ನೋಡಿ. ಇಸ್ಲಾಮಿಕ್ ಸ್ಟೇಟ್‌ನ ಸೆರೆಯಿಂದ ಪಾರಾಗಿ ಬಂದ ಯಜೀದಿ ಸಮುದಾಯದ ನಾಡಿಯಾ ಮುರಾದ್ ಅವರ ಹೆಸರನ್ನು ಅದಕ್ಕಿಟ್ಟಿದ್ದಾರೆ.

ಆಧಾರ ಎಷ್ಟಿದ್ದರೆ ಸಾಕು ಎಂಬುದು ಇನ್ನೊಂದು ದೊಡ್ಡ ವಿಷಯ. ವಿಚಾರಣಾ ಆಯೋಗಗಳು ಸಾಮಾನ್ಯವಾಗಿ ಬಳಸುವ ಅಳತೆಗೋಲು 'ನಂಬಲು ಸಮಂಜಸ ಆಧಾರ'. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದಲ್ಲಿ ಬಂಧನದ ವಾರಂಟಿಗೂ ಅಷ್ಟೇ ಬೇಕು. ದೋಷಾರೋಪವನ್ನು ದೃಢಪಡಿಸಲು ಅದಕ್ಕಿಂತ ಗಟ್ಟಿಯಾದ ಆಧಾರ ಬೇಕು. ಶಿಕ್ಷೆಗೆ ಮಾತ್ರ ನಮ್ಮಲ್ಲಿರುವಂತೆಯೇ ಸಂದೇಹಾತೀತ ರುಜುವಾತು. ಹೀಗಾಗಿ ಆಯೋಗದ ವರದಿಯಲ್ಲಿ ಒಬ್ಬನ ಹೆಸರು ಬಂದರೆ ಅವನು ಅಪರಾಧಿ ಎಂದಲ್ಲ, ತನಿಖೆಗೆ ಅರ್ಹ ಎಂದಷ್ಟೇ. ಪತ್ರಿಕೆಗಳಲ್ಲಿ ಈ ವ್ಯತ್ಯಾಸ ಉಳಿಯುವುದಿಲ್ಲ, ಆದ್ದರಿಂದ ವರದಿಯ ಒಂದೊಂದು ಕ್ರಿಯಾಪದದ ಮೇಲೂ ನಾವು ಗಂಟೆಗಟ್ಟಲೆ ಕೂರುತ್ತೇವೆ. ರೋಮ್ ಶಾಸನದ 54ನೇ ವಿಧಿಯು ಆರೋಪವನ್ನು ಪುಷ್ಟೀಕರಿಸುವ ಸಂಗತಿಗಳಷ್ಟೇ ಶ್ರದ್ಧೆಯಿಂದ ಆರೋಪಿಯ ಪರವಾದ ಸಂಗತಿಗಳನ್ನೂ ಹುಡುಕಬೇಕೆಂದು ಪ್ರಾಸಿಕ್ಯೂಟರ್‌ಗೆ ವಿಧಿಸುತ್ತದೆ. ಹೊಸ ತನಿಖಾ ವ್ಯವಸ್ಥೆಗಳೂ ಅದೇ ನಿಯಮಕ್ಕೆ ಬದ್ಧ. ಸುಟ್ಟ ಊರಿನವರ ಮುಂದೆ ಕುಳಿತು, ನಿಮ್ಮ ಊರಿನಲ್ಲಿ ಶಸ್ತ್ರ ಹಿಡಿದವರು ಯಾರಾದರೂ ಇದ್ದರೇ ಎಂದು ಕೇಳುವುದು ನಿಷ್ಠುರವೆನಿಸಬಹುದು. ಕೇಳದೆ ಬಿಟ್ಟರೆ ಅದನ್ನು ಮುಂದೆ ಬೇರೆಯವರು, ನ್ಯಾಯಾಲಯದ ಮಧ್ಯದಲ್ಲಿ ಕೇಳುತ್ತಾರೆ.

ಡಿಜಿಟಲ್ ಸಾಕ್ಷ್ಯದ ಬಗ್ಗೆ ಒಂದೆರಡು ಮಾತು, ಏಕೆಂದರೆ ಇದು ಈಗ ಕಲಬುರಗಿ, ಯಾದಗಿರಿಯ ವಕೀಲರಿಗೂ ಬೇಕಾದ ವಿದ್ಯೆ. ಅಂತರ್ಜಾಲದಲ್ಲಿ ಬಹಿರಂಗವಾಗಿ ಸಿಗುವ ಸಾಮಗ್ರಿಯನ್ನು ತನಿಖೆಗೆ ಬಳಸುವ ಕ್ರಮವನ್ನು 2020ರ ಬರ್ಕ್ಲಿ ಶಿಷ್ಟಾಚಾರ (ಪ್ರೊಟೊಕಾಲ್) ಎಂಬ ಮಾರ್ಗದರ್ಶಿ ವಿವರಿಸುತ್ತದೆ. ವಿಡಿಯೊವನ್ನು ಇಳಿಸಿಕೊಂಡ ತಕ್ಷಣ ಅದರ ಹ್ಯಾಶ್ ಮೌಲ್ಯವನ್ನು, ಅಂದರೆ ಕಡತದಿಂದ ಕಂಪ್ಯೂಟರ್ ಲೆಕ್ಕ ಹಾಕಿ ಕೊಡುವ ಬೆರಳಚ್ಚಿನಂಥ ಸಂಕೇತವನ್ನು, ದಾಖಲಿಸುತ್ತೇವೆ. ಕಡತದಲ್ಲಿ ಒಂದು ಬಿಂದು ಬದಲಾದರೂ ಆ ಮೌಲ್ಯ ಬದಲಾಗುವುದರಿಂದ, ನಮ್ಮ ಕೈಯಲ್ಲಿದ್ದಾಗ ಯಾರೂ ತಿದ್ದಿಲ್ಲ ಎಂದು ವರ್ಷಗಳ ನಂತರವೂ ತೋರಿಸಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದ ನಮೂನೆಯಲ್ಲೂ ಹ್ಯಾಶ್ ಮೌಲ್ಯ ಬರೆಯುವ ಜಾಗವಿದೆ. ಅದನ್ನು ಗುಮಾಸ್ತರು ತುಂಬುವ ಖಾನೆಯೆಂದು ಬಿಡಬೇಡಿ. ದಲಿತರ ಮೇಲಿನ ದೌರ್ಜನ್ಯದ ಮೊಕದ್ದಮೆಯಲ್ಲಿ ಊರಿನ ಹುಡುಗನೊಬ್ಬ ಮೊಬೈಲಿನಲ್ಲಿ ತೆಗೆದ ವಿಡಿಯೊ ವಾಟ್ಸಾಪ್‌ನಲ್ಲಿ ಹತ್ತು ಕೈ ದಾಟಿ ಬಂದಿದ್ದರೆ ನಿಮಗೆ ಬೇಕಾದದ್ದು ಆ ಹತ್ತನೆಯ ಪ್ರತಿಯಲ್ಲ, ತೆಗೆದ ಹುಡುಗನ ಮೊಬೈಲಿನಲ್ಲಿರುವ ಮೂಲ.

ಇಷ್ಟೆಲ್ಲ ಮಾಡಿ ಏನು ಸಿಕ್ಕಿತು ಎಂದು ಕೇಳುವವರಿಗೆ ಇರುವ ಉತ್ತರ ಸಣ್ಣದಾದರೂ ಸುಳ್ಳಲ್ಲ. ಜರ್ಮನಿಯ ಕೋಬ್ಲೆಂಟ್ಸ್ ನಗರದ ನ್ಯಾಯಾಲಯ 2022ರ ಜನವರಿಯಲ್ಲಿ ಸಿರಿಯಾದ ಮಾಜಿ ಗುಪ್ತಚರ ಅಧಿಕಾರಿ ಅನ್ವರ್ ರಸ್ಲಾನ್‌ಗೆ ಜೀವಾವಧಿ ಶಿಕ್ಷೆ ವಿಧಿಸಿತು. ಡಮಾಸ್ಕಸ್‌ನ ಬಂಧನ ಕೇಂದ್ರದಲ್ಲಿ ನಡೆದ 27 ಕೊಲೆಗಳು ಮತ್ತು ಸಾವಿರಾರು ಜನರ ಚಿತ್ರಹಿಂಸೆಯಲ್ಲಿ ಅವನ ಪಾತ್ರ ರುಜುವಾಯಿತು. ಮ್ಯಾನ್ಮಾರ್ ಸತ್ಯಶೋಧನಾ ತಂಡ 875 ಜನರೊಡನೆ ಆಳವಾದ ಸಂದರ್ಶನ ನಡೆಸಿ 2018ರಲ್ಲಿ ವರದಿ ಕೊಟ್ಟಿತು. ಆಫ್ರಿಕಾದ ಪುಟ್ಟ ದೇಶ ಗ್ಯಾಂಬಿಯಾ ಅದನ್ನು ಆಧಾರವಾಗಿಟ್ಟುಕೊಂಡು 2019ರ ನವೆಂಬರ್‌ನಲ್ಲಿ ಮ್ಯಾನ್ಮಾರ್ ವಿರುದ್ಧ, ದೇಶ ದೇಶಗಳ ನಡುವಿನ ವ್ಯಾಜ್ಯ ಕೇಳುವ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು, 2020ರ ಜನವರಿಯಲ್ಲಿ ರೋಹಿಂಗ್ಯಾ ಜನರ ರಕ್ಷಣೆಗಾಗಿ ಮಧ್ಯಂತರ ಆದೇಶವನ್ನೂ ಪಡೆಯಿತು. ನಮ್ಮ ದೇಶ ರೋಮ್ ಶಾಸನಕ್ಕೆ ಸೇರಿಲ್ಲ. ನರಮೇಧ ಒಪ್ಪಂದವನ್ನು 1959ರಲ್ಲಿ ಅನುಮೋದಿಸಿದ್ದರೂ ನರಮೇಧವನ್ನು ಅಪರಾಧವೆಂದು ಸಾರುವ ದೇಶೀಯ ಕಾನೂನನ್ನು ಇನ್ನೂ ಮಾಡಿಲ್ಲ. 1984ರ ಸಿಖ್ ಹತ್ಯಾಕಾಂಡಕ್ಕೆ ಸಂಬಂಧಿಸಿದ ಸಜ್ಜನ್ ಕುಮಾರ್ ಪ್ರಕರಣದ 2018ರ ತೀರ್ಪಿನಲ್ಲಿ ದೆಹಲಿ ಹೈಕೋರ್ಟ್ ಇದೇ ಕೊರತೆಯನ್ನು ಎತ್ತಿ ತೋರಿಸಿ, ತುರ್ತಾಗಿ ತುಂಬಬೇಕೆಂದಿತು. ಕಾನೂನು ಓದುವ ನಮ್ಮ ಹುಡುಗರು ಆ ತೀರ್ಪಿನ ಆ ಭಾಗವನ್ನಾದರೂ ಓದಬೇಕು.

ಹುದ್ದೆಗೆ ಅರ್ಜಿ ಹಾಕುವ ವಿಚಾರ ಕೇಳುವವರಿಗೆ ಚಿಕ್ಕದಾಗಿ: ವಿಶ್ವಸಂಸ್ಥೆಯ ಪಿ-3 ಎಂಬ ವೃತ್ತಿಪರ ದರ್ಜೆಯ ಹುದ್ದೆಗೆ ಸಾಮಾನ್ಯವಾಗಿ ಸ್ನಾತಕೋತ್ತರ ಪದವಿಯ ಜೊತೆಗೆ 5 ವರ್ಷದ ಅನುಭವ ಕೇಳುತ್ತಾರೆ, ಬರೀ ಎಲ್‌ಎಲ್‌ಬಿ ಇದ್ದರೆ ಇನ್ನೆರಡು ವರ್ಷ ಹೆಚ್ಚು. ಅಣಕು ನ್ಯಾಯಾಲಯದ ಬಹುಮಾನಗಳಿಗಿಂತ ಜಿಲ್ಲಾ ನ್ಯಾಯಾಲಯದಲ್ಲಿ ಸಾಕ್ಷಿಗಳನ್ನು ವಿಚಾರಿಸಿದ ಅನುಭವ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಫ್ರೆಂಚ್ ಅಥವಾ ಅರಬಿ ಕಲಿಯಿರಿ. ಹೆಚ್ಚಿನ ಹುದ್ದೆಗಳು ಕಾಯಂ ಅಲ್ಲ, ತನಿಖೆಯ ಅವಧಿಗೆ ಕಟ್ಟುಬಿದ್ದವು. ದಿನವಿಡೀ ಚಿತ್ರಹಿಂಸೆಯ ವಿವರ ಓದಿದ ಮೇಲೆ ನಿದ್ದೆ ಕೆಡುತ್ತದೆ, ಅದಕ್ಕೆ ಸಲಹೆಗಾರರ ನೆರವು ಪಡೆಯುವುದು ಅಲ್ಲಿ ಕೆಲಸದ ಭಾಗವೇ.

ಈ ಕೆಲಸದ ಕಣ್ಣಿನಿಂದ ನಮ್ಮ ಭಾಗದ ಇತಿಹಾಸವನ್ನು ನೋಡಿದಾಗ ಮನಸ್ಸು 1948ಕ್ಕೆ ಹೋಗಿ ನಿಲ್ಲುತ್ತದೆ. ಆ ವರ್ಷದ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ನಿಜಾಮನ ಪರವಾಗಿ ಶಸ್ತ್ರ ಹಿಡಿದಿದ್ದ ರಜಾಕಾರರು ಊರಿಗೆ ಊರನ್ನೇ ಮುತ್ತಿ ಕಗ್ಗೊಲೆ ನಡೆಸಿದರು. ಸೆಪ್ಟೆಂಬರ್‌ನಲ್ಲಿ ಪೊಲೀಸ್ ಕಾರ್ಯಾಚರಣೆಯಾಗಿ ನಿಜಾಮನ ಆಳ್ವಿಕೆ ಕೊನೆಗೊಂಡಿತು; ಅದರ ಜೊತೆಗೇ ಮತ್ತು ಅದರ ನಂತರ ಮುಸ್ಲಿಮರ ಮೇಲೆ ವ್ಯಾಪಕ ಹಿಂಸೆ ನಡೆಯಿತು. ಪ್ರಧಾನಿ ನೆಹರೂ ಕಳುಹಿಸಿದ ಪಂಡಿತ್ ಸುಂದರಲಾಲ್ ಅವರ ಸಮಿತಿ ನವೆಂಬರ್-ಡಿಸೆಂಬರ್‌ನಲ್ಲಿ ಹೈದರಾಬಾದ್ ಸಂಸ್ಥಾನದ ಜಿಲ್ಲೆಗಳಲ್ಲಿ ಸುತ್ತಿ, ತಾನು ಹೋಗಲಾಗದ 109 ಹಳ್ಳಿಗಳಿಂದ ಬಂದ 500ಕ್ಕೂ ಹೆಚ್ಚು ಜನರನ್ನು ವಿಚಾರಿಸಿ, 27 ಸಾವಿರದಿಂದ 40 ಸಾವಿರ ಜನ ಸತ್ತಿರಬೇಕೆಂದು ಅಂದಾಜಿಸಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಅದು ಹೆಸರಿಸಿದ್ದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್ ಮತ್ತು ನಾಂದೇಡ್. ಕೆಲವೆಡೆ ಹಿಂದೂ ನೇಕಾರರು ಮುಸ್ಲಿಂ ನೇಕಾರರನ್ನು ತಮ್ಮ ಜೀವ ಒತ್ತೆಯಿಟ್ಟು ಕಾಪಾಡಿದ್ದನ್ನೂ ಅದು ದಾಖಲಿಸಿತು. ಒಳ್ಳೆಯ ಸತ್ಯಶೋಧನೆಗೆ ಇರಬೇಕಾದ ಈ ನ್ಯಾಯಬುದ್ಧಿ ಆ ಕಾಲದಲ್ಲೇ ಅದರಲ್ಲಿತ್ತು. ಆದರೆ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ಗೋರಟಾದ ಮನೆಗಳಲ್ಲೂ, ಕಾರ್ಯಾಚರಣೆಯ ನಂತರ ಹಿಂಸೆ ಕಂಡ ಮನೆಗಳಲ್ಲೂ ಕಂಡವರು ಕಂಡದ್ದನ್ನು ಯಾರಿಗೂ ಬರೆಸದೆ ಒಬ್ಬೊಬ್ಬರಾಗಿ ತೀರಿಕೊಂಡರು. ಎರಡೂ ಕಡೆಯ ಸಾವುಗಳನ್ನು ಒಂದಕ್ಕೊಂದು ಸಮ ಹಚ್ಚಿ ಲೆಕ್ಕ ಮುಗಿಸುವವರ ಮಾತು ನನಗೆ ಒಪ್ಪಿಗೆಯಿಲ್ಲ. ಒಂದೊಂದು ಹೇಳಿಕೆಯೂ ತನ್ನಷ್ಟಕ್ಕೆ ಬರೆಯಲರ್ಹ.

ಬೀದರ್ ಜಿಲ್ಲೆಯ ಹಿರಿಯರೊಬ್ಬರು, ಆಗ ದನ ಕಾಯುವ ಹುಡುಗರಾಗಿದ್ದವರು, ತಮ್ಮ ನೆನಪನ್ನು ಬರೆದುಕೊಳ್ಳಲು ಒಪ್ಪಿದರು. ನಾನು ಬೇರೆ ದೇಶಗಳಲ್ಲಿ ಕೇಳುತ್ತಿದ್ದ ಅದೇ ಪ್ರಶ್ನೆಗಳನ್ನು ಮೊದಲು ಕೇಳಿದೆ. ಇಟ್ಟುಕೊಳ್ಳಬಹುದೇ, ಓದುವವರಿಗೆ ತೋರಿಸಬಹುದೇ, ಹೆಸರು ಹಾಕಬಹುದೇ? ತಮ್ಮ ಹೆಸರು ಹಾಕಲು ಅಡ್ಡಿಯಿಲ್ಲವೆಂದರು. ಕೊಂದವರ ಹೆಸರು ಬೇಡವೆಂದರು. "ಅವರ ಮೊಮ್ಮಕ್ಳು ನಮ್ಮ ಓಣ್ಯಾಗೇ ಅದಾರವ್ವ. ಅವರೇನ್ ಮಾಡ್ಯಾರ?" ಬರೆದದ್ದನ್ನು ಓದಿ ಹೇಳಿದಾಗ ಒಂದು ಕಡೆ ತಡೆದರು. "ಬಾವ್ಯಾಗಿನ ಮಾತು ನಾ ನೋಡಿದ್ದಲ್ಲ ತಂಗಿ, ನಮ್ಮಣ್ಣ ಹೇಳಿದ್ದು. ಅದನ್ನ ಬ್ಯಾರೆ ಬರಿ." ಅದನ್ನು ಬೇರೆ ಕಂಡಿಕೆಯಾಗಿ, ಅಣ್ಣನ ಹೆಸರು ಮತ್ತು ಆತ ಹೇಳಿದ ಸಂದರ್ಭದೊಂದಿಗೆ ಬರೆದೆ. ಕಲಬುರಗಿಯ ಕೆಲವು ವಕೀಲ ಸ್ನೇಹಿತರೊಡನೆ ಸೇರಿ ಇದೇ ರೀತಿಯಲ್ಲಿ ಇನ್ನಷ್ಟು ಹಿರಿಯರ ಹೇಳಿಕೆಗಳನ್ನು ಪಡೆಯಲು ಒಪ್ಪಿಗೆಯ ನಮೂನೆಯನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಸಿದ್ಧಪಡಿಸುತ್ತಿದ್ದೇವೆ. ಬೀದರ್, ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ 1948ನ್ನು ಕಂಡವರು ನಿಮ್ಮ ಮನೆಯಲ್ಲಿದ್ದರೆ, ನಮಗೆ ತಿಳಿಸುವ ಮೊದಲು ಅವರನ್ನೇ ಒಂದು ಮಾತು ಕೇಳಿ: ಹೇಳಲು ಮನಸ್ಸಿದೆಯೇ, ಯಾರ ಎದುರಿನಲ್ಲಿ ಹೇಳುತ್ತಾರೆ, ಮನೆಯವರಲ್ಲಿ ಯಾರು ಆಗ ಹೊರಗಿರಬೇಕು. ಬೇಡವೆಂದರೆ ಮತ್ತೆ ಕೇಳಬೇಡಿ.